ವಿಚಾರಣೆ ಅಕ್ಕನ ಎಡಗಿವಿ

ಬಸ್ ನಿಲ್ದಾಣದ ವಿಚಾರಣೆ ಕೊಠಡಿಯಲ್ಲಿ ಹನ್ನೊಂದು ವರ್ಷದಿಂದ ಫೋನು ಎತ್ತುತ್ತಿದ್ದವಳನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆದವರಿಲ್ಲ. ಡ್ರೈವರುಗಳಿಗೂ ಕಸ ಗುಡಿಸುವವರಿಗೂ ಅವಳು ವಿಚಾರಣೆ ಅಕ್ಕ. ಯಾವ ಬಸ್ಸು ಎಷ್ಟು ಗಂಟೆಗೆ, ಯಾವುದು ತಡ, ಯಾವುದು ರದ್ದು, ಎಲ್ಲ ಅವಳಿಗೆ ಬಾಯಿಪಾಠ. ರಿಸೀವರನ್ನು ಎಡಗಿವಿಗೆ ಒತ್ತಿಕೊಂಡು ಬಲಗೈಯಲ್ಲಿ ಬರೆದುಕೊಳ್ಳುವುದು ರೂಢಿ.

ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಕಲಿಯುವವರು ನಡುರಸ್ತೆಯಲ್ಲಿ ಹತ್ತು ಸಲ ಗಾಡಿ ನಿಲ್ಲಿಸಿಬಿಟ್ಟರೂ ಆತ ದನಿ ಏರಿಸಿದ್ದನ್ನು ಕಂಡವರಿಲ್ಲ. ಊರಿಗೆಲ್ಲ ದೇವರಂಥ ಮನುಷ್ಯ. ಆ ತಾಳ್ಮೆಯನ್ನೆಲ್ಲ ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು ಒಳಗೆ ಬರುತ್ತಿದ್ದ. ಊಟ ಆರಿತ್ತು, ಮೆಟ್ಟಿಲ ಮೇಲೆ ಯಾರ ಜೊತೆಗೋ ನಕ್ಕಳು, ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಟ್ಟಳು, ಯಾವುದಾದರೂ ಸಾಕಿತ್ತು ಕೈಯೆತ್ತಲು. ಪಕ್ಕದ ಕೋಣೆಯಲ್ಲಿ ಅತ್ತೆ ಟಿವಿಯ ದನಿ ಹೆಚ್ಚಿಸುತ್ತಿದ್ದರು.

ಒಂದು ಸೋಮವಾರ ಬಿದ್ದ ಏಟು ಎಡಗಿವಿಯ ಮೇಲೆಯೇ ಕೂತಿತು. ಮರುದಿನ ಫೋನಿನಲ್ಲಿ ಯಾರೋ ಮೂರು ಸಲ ಕೇಳಿದ ಪ್ರಶ್ನೆ ನೀರಿನಡಿಯಿಂದ ಬಂದಂತಿತ್ತು. ಅವಳು ರಿಸೀವರನ್ನು ಬಲಗಿವಿಗೆ ದಾಟಿಸಿ ಎಡಗೈಯಲ್ಲಿ ಬರೆಯತೊಡಗಿದಳು.

ನಿವೃತ್ತಿಗೆ ಹತ್ತಿರವಿದ್ದ ಟಿಕೆಟ್ ಕೌಂಟರಿನ ಅಣ್ಣ ವಾರವೆಲ್ಲ ಆ ಚೀಟಿಗಳನ್ನೂ ಬಲಗಿವಿಗೆ ದಾಟಿದ ರಿಸೀವರನ್ನೂ ನೋಡಿದ. "ಏನಕ್ಕಾ ಇದು, ಕಾಗೆ ಕಾಲು ಗುಬ್ಬಿ ಕಾಲು? ಆರೂವರೆ ಬಸ್ಸು ಒಂಬತ್ತೂವರೆ ಆಗ್ಬಿಟ್ಟಿದೆ. ಮೊದಲು ಕಿವಿ ತೋರಿಸ್ಕೊಂಡು ಬಾ."

ಆಸ್ಪತ್ರೆಯಲ್ಲಿ ಅವಳನ್ನು ದಪ್ಪ ಗೋಡೆಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಎಡಗಡೆಗೆ ಏನೂ ಕೇಳಿಸದಿದ್ದಾಗ ಅವಳು ಗಾಜಿನಾಚೆ ಪರೀಕ್ಷೆ ಮಾಡುವ ಹೆಂಗಸಿನ ಕೈ ಆಡುವುದನ್ನೇ ನೋಡಿ ಒತ್ತಿದಳು. ಆಕೆ ತನ್ನ ಕೈಗೆ ಕಾಗದ ಅಡ್ಡ ಹಿಡಿದಳು. ಗುಂಡಿ ಸುಮ್ಮನಾಯಿತು.

"ಏನಾಯ್ತು?"

"ಬಚ್ಚಲಲ್ಲಿ ಜಾರಿ ಬಿದ್ದೆ."

"ಬಿದ್ರೆ ಮೊಣಕೈ ತರಚುತ್ತೆ, ಮಂಡಿ ಊದುತ್ತೆ. ಕಿವಿ ಪರದೆ ಮಾತ್ರ ಹರಿಯೋ ಹಾಗೆ ಬೀಳೋದು ಕಷ್ಟ." ಆಕೆ ವರದಿಯಲ್ಲಿ ಎರಡು ಸಾಲು ಬರೆದಳು. "ಹೇಳ್ಲೇಬೇಕು ಅಂತೇನಿಲ್ಲ. ಮುಂದಿನ ವಾರ ಮತ್ತೆ ಬನ್ನಿ. ಒಬ್ರೇ ಬನ್ನಿ."

ಅದಕ್ಕೆ ಮುಂಚೆ ಅವಳು ಒಡಹುಟ್ಟಿದ ಅಣ್ಣನ ಮನೆಗೆ ಹೋದಳು. ಅವನು ಎಲ್ಲ ಕೇಳಿ, "ಕುಡಿಯಲ್ಲ, ಸೇದಲ್ಲ, ಇನ್ನೊಬ್ಬಳ ಸಹವಾಸ ಇಲ್ಲ. ಸ್ವಲ್ಪ ಹೊಂದ್ಕೊಂಡು ಹೋಗಮ್ಮ," ಎಂದ. ಆಕ್ಷೇಪಣೆಗೆ ಜಾಗವೇ ಇಲ್ಲದಷ್ಟು ಪ್ರೀತಿಯಿಂದ ಹೇಳಿ ಬಸ್ಸು ಹತ್ತಿಸಿದ.

ಮೂರನೆಯ ಭೇಟಿಯಲ್ಲಿ ಅವಳು ಬಾಯಿಬಿಟ್ಟಳು. ಪರೀಕ್ಷೆಯ ಹೆಂಗಸು ಕೈಹಿಡಿದು ಮೇಲಿನ ಮಹಡಿಗೆ ಕರೆದೊಯ್ದಳು. ಅಲ್ಲಿ ಇಂಥ ಹೆಂಗಸರಿಗೆ ನೆರವಾಗಲೆಂದೇ ಒಬ್ಬರು ಮೇಡಂ ಕೂರುತ್ತಿದ್ದರು.

"ಮನೆ ಬಿಡಿ ಅಂತ ನಾನು ಹೇಳಲ್ಲ, ಇರಿ ಅಂತಾನೂ ಹೇಳಲ್ಲ," ಎಂದರು ಮೇಡಂ. "ಬಿಡೋದಾದ್ರೆ ಹೇಗೆ ಬಿಡಬೇಕು ಅನ್ನೋದನ್ನ ಕೂತು ಯೋಚಿಸೋಣ. ಹೊರಡೋ ಹೊತ್ತೇ ಅಪಾಯದ ಹೊತ್ತು."

ಆ ಯೋಚನೆಗೆ ಐದು ವಾರ ಹಿಡಿಯಿತು. ಗುರುತಿನ ಚೀಟಿ, ಶಾಲೆಯ ಪ್ರಮಾಣಪತ್ರ, ಕಿವಿಯ ವರದಿ ದಿನಕ್ಕೊಂದರಂತೆ ಟಿಕೆಟ್ ಅಣ್ಣನ ಬೀರು ಸೇರಿದವು. ಗಂಡ ಪಾಠಕ್ಕೆ ಹೋಗಿದ್ದ ಒಂದು ಗುರುವಾರ ಬೆಳಿಗ್ಗೆ ಅವಳು ಕೈಚೀಲ ಹಿಡಿದು ಹೊರಬಂದಳು. ಬಾಗಿಲಲ್ಲಿ ಕಾಲು ಚಾಚಿ ಅತ್ತೆ ಬಟಾಣಿ ಬಿಡಿಸುತ್ತಿದ್ದರು.

"ಎಲ್ಲಿಗೆ?"

"ಕೆಲಸಕ್ಕೆ."

"ಇವತ್ತು ನಿಂಗೆ ರಜಾ ಅಲ್ವಾ?"

"ಹೌದು ಅತ್ತೆ."

ಅತ್ತೆ ಚೀಲದ ಕಡೆ ನೋಡಿದರು. ಆಮೇಲೆ ಕಾಲು ಮಡಚಿ ದಾರಿ ಬಿಟ್ಟರು.

ಪೊಲೀಸ್ ಠಾಣೆಗೆ ಮೇಡಂ ಜೊತೆಗೆ ಬಂದರು. ದೂರು ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟ. "ಆ ಮೇಷ್ಟ್ರಾ? ನಮ್ಮ ಹುಡುಗಿಗೂ ಅವರೇ ಕಲಿಸಿದ್ದು. ಬಹಳ ಒಳ್ಳೆ ಮನುಷ್ಯ."

"ಪರಿಚಯ ಇದ್ದಿದ್ದು ಒಳ್ಳೇದೇ ಆಯ್ತು," ಎಂದರು ಮೇಡಂ, "ವಿಳಾಸ ಹುಡುಕೋ ತಾಪತ್ರಯ ಇಲ್ಲ. ಬರ್ಕೊಳ್ಳಿ." ವರದಿಯನ್ನು ಅವನ ಮುಂದೆ ಸರಿಸಿದರು. ಅವನು ಬರೆದುಕೊಂಡ, ಮುಖ ಗಂಟಿಕ್ಕಿಕೊಂಡೇ.

ಮನೆ ಬಿಟ್ಟ ಒಂಬತ್ತನೆಯ ದಿನ ಗಂಡ ವಿಚಾರಣೆ ಕಿಟಕಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ತಣ್ಣನೆಯ ದನಿ. "ಮನೆಗೆ ಹೋಗೋ ಬಸ್ಸು ಎಷ್ಟೊತ್ತಿಗೆ?" ಹಿಂದೆ ಸಾಲಿನಲ್ಲಿದ್ದವರಿಗೆ ಅದು ಮಾಮೂಲಿ ಪ್ರಶ್ನೆ. ಬಾಯಿಪಾಠವಿದ್ದ ಬಸ್ಸಿನ ಸಮಯಗಳಲ್ಲಿ ಒಂದೂ ಅವಳ ನೆನಪಿಗೆ ಬರಲಿಲ್ಲ. ಟಿಕೆಟ್ ಅಣ್ಣ ಕಾವಲುಗಾರನನ್ನು ಕೂಗುವ ತನಕ ಗಂಡ ಅಲ್ಲೇ ಮುಗುಳ್ನಗುತ್ತ ನಿಂತಿದ್ದ. ಅವನು ಹೋದ ಮೇಲೆ ಅವಳು ದಿನ, ಗಂಟೆ, ಅವನಾಡಿದ ಮಾತು ಬರೆದಿಟ್ಟಳು. ಆ ಹಾಳೆ ಮೇಡಂ ಮೂಲಕ ನ್ಯಾಯಾಲಯಕ್ಕೆ ಹೋಯಿತು. ಅವಳು ಉಳಿದುಕೊಂಡ ಜಾಗದ ಹತ್ತಿರವಾಗಲಿ, ಕೆಲಸದ ಹತ್ತಿರವಾಗಲಿ ಸುಳಿಯಕೂಡದೆಂದು ಅವನಿಗೆ ಆದೇಶವಾಯಿತು.

ನಾಲ್ಕು ತಿಂಗಳು ಅವಳು ಆಶ್ರಯಮನೆಯಲ್ಲಿದ್ದಳು. ಒಂದು ಕೋಣೆಗೆ ಆರು ಹೆಂಗಸರು; ಬೆಳಿಗ್ಗೆ ಬಚ್ಚಲ ಸರದಿಗೆ ಜಗಳ, ಸಂಜೆ ಅದನ್ನೇ ನೆನೆದು ನಗು. ಆಮೇಲೆ ದರ್ಜಿಯ ಅಂಗಡಿಯ ಮೇಲೊಂದು ಕೋಣೆ ಹಿಡಿದಳು. ಹೊಸ ಬೀಗದ ಎರಡೂ ಕೀಲಿ ಅವಳ ಹತ್ತಿರವೇ ಇವೆ.

ಕತೆ ಪೂರ್ತಿ ನೆಟ್ಟಗಾಗಿಲ್ಲ. ಮೊಕದ್ದಮೆ ವಾಯಿದೆಯಿಂದ ವಾಯಿದೆಗೆ ಎಳೆಯುತ್ತಿದೆ. ಮೇಷ್ಟ್ರು ಈಗಲೂ ಪಾಠ ಹೇಳುತ್ತಾನೆ, ಕೆಲವರು ಮಾತ್ರ ಶಾಲೆ ಬದಲಿಸಿದ್ದಾರೆ. ಎಡಗಿವಿ ಅರ್ಧ ಮರಳಿತು, ಇನ್ನರ್ಧ ಬರುವುದಿಲ್ಲವೆಂದು ವೈದ್ಯರು ಹೇಳಿಯಾಗಿದೆ. ಒಡಹುಟ್ಟಿದ ಅಣ್ಣ ಒಮ್ಮೆ ಹಣ್ಣು ಹಿಡಿದು ಬಂದು, ಕೋಣೆಯನ್ನು ಸುತ್ತ ನೋಡಿ, "ಗಾಳಿ ಬೆಳಕು ಚೆನ್ನಾಗಿದೆ," ಎಂದಷ್ಟೇ ಹೇಳಿ ಹೋದ. ದರ್ಜಿಯ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿದರೆ ಅವಳ ಕೈಯಲ್ಲಿದ್ದುದು ಇಂದಿಗೂ ಜಾರುತ್ತದೆ. ಅದಕ್ಕೇ ಎರಡು ವಾರಕ್ಕೊಮ್ಮೆ ಶುಕ್ರವಾರ, ಪಾಳಿ ಮುಗಿಸಿ ಮೇಡಂ ಕೋಣೆಗೆ ಹೋಗಿ ಒಂದು ಗಂಟೆ ಕೂರುತ್ತಾಳೆ. ಒಮ್ಮೊಮ್ಮೆ ಮಾತಾಡುತ್ತಾಳೆ, ಒಮ್ಮೊಮ್ಮೆ ಇಲ್ಲ.