ಕೌದಿಯೊಡನೆ ತೂಗಿದ ಕೂಸು

ಹೆರಿಗೆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿ ದುಡಿದ ಕಲ್ಲಮ್ಮನಿಗೆ ಬರಿಮೈಯ ಕೂಸನ್ನು ತಣ್ಣನೆಯ ತೂಕದ ಯಂತ್ರದ ಮೇಲೆ ಮಲಗಿಸಲು ಎಂದೂ ಮನಸ್ಸು ಬಂದದ್ದಿಲ್ಲ. ಜಗಳೂರು ಸೀಮೆಯ ಆ ಸಣ್ಣ ಆಸ್ಪತ್ರೆಯಲ್ಲಿ ಕೂಸುಗಳನ್ನು ಬೆಚ್ಚಗಿಡುವ ಯಂತ್ರ ಕೆಟ್ಟು ವರ್ಷವಾಗಿತ್ತು. ಮನೆಯವರು ತಂದ ಬಟ್ಟೆಯಲ್ಲಿ ಸುತ್ತಿಯೇ ಅವಳು ತೂಗುವಳು. ಅವಳು ಹೇಳಿದ ಅಂಕಿಯನ್ನು ನರ್ಸ್ ಉಷಾರಾಣಿ ಬರೆದುಕೊಳ್ಳುವರು.

ಅಂದು ಬೆಳಿಗ್ಗೆ ಬಿಳಿಚೋಡಿನ ನೇತ್ರಾವತಿ ಮಗಳನ್ನೆತ್ತಿಕೊಂಡು ಮನೆಗೆ ಹೋದ ಮೇಲೆ, ಹಾಸಿಗೆಯಲ್ಲಿ ಮರೆತ ಪುಟ್ಟ ಕೌದಿಯೊಂದು ಕಲ್ಲಮ್ಮನ ಕೈಗೆ ಸಿಕ್ಕಿತು. ಹುಟ್ಟಿದ ದಿನ ಕೂಸನ್ನು ಸುತ್ತಿ ತೂಗಿದ್ದು ಅದರಲ್ಲೇ. ಮಡಿಸುವಾಗ ಭಾರವೆನಿಸಿತು. ಯಂತ್ರದ ಮೇಲಿಟ್ಟು ನೋಡಿದಳು. ಐನೂರು ಗ್ರಾಂ! ಪುಸ್ತಕದಲ್ಲಿ ಕೂಸಿನ ತೂಕ ಎರಡು ಕಿಲೋ ಮುನ್ನೂರು. ಬೆರಳು ಮಡಿಸಿ ಕಳೆದಳು. ಒಂದು ಕಿಲೋ ಎಂಟುನೂರು! ಎರಡು ಕಿಲೋ ಕೂಡ ತೂಗದ ಕೂಸನ್ನು ಹಾಗೆ ಮನೆಗೆ ಕಳಿಸುವಂತಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಹೋಗಿ ಹೇಳಿದಳು.

“ತಪ್ಪಾಗೈತ್ರೀ ಸಿಸ್ಟರ್. ಕೌದಿ ಸಮೇತ ತೂಗಿದ್ದೆ.”

ಉಷಾರಾಣಿ ಪುಸ್ತಕ ತೆರೆದು ನೋಡಿದರು. “ನೋಡ್ದೇನೇ ಬರ್ಕೊಂಡೋಳು ನಾನಲ್ವಾ? ಅದೆಲ್ಲ ಆಮೇಲೆ. ಮೊದ್ಲು ಕೂಸು ಬರ್ಲಿ.”

ಫೋನು ಹಚ್ಚಿದರೆ ಹತ್ತಲಿಲ್ಲ. ಕಲ್ಲಮ್ಮ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ನೇತ್ರಾವತಿಯ ಅತ್ತೆ ಭೀಮಕ್ಕ ಬಾಗಿಲಲ್ಲೇ ಇದ್ದಳು. “ಏನಮ್ಮಾ, ಕೌದಿ ಕೊಡಾಕೆ ಇಷ್ಟು ದೂರ ಬಂದ್ಯಾ?”

“ಕೂಸು ಹೆಂಗೈತ್ರೀ?”

“ಬಲು ಸಾಧು. ಅಳಾದೇ ಇಲ್ಲ, ಹಾಲಿಗೂ ಏಳಂಗಿಲ್ಲ.”

ಕಲ್ಲಮ್ಮ ಒಳಗೆ ಹೋಗಿ ಕೂಸಿನ ಪಾದ ಮುಟ್ಟಿದಳು. ತಣ್ಣಗಿತ್ತು. ನಡೆದದ್ದನ್ನು ಮುಚ್ಚಿಡದೆ ಹೇಳಿದಳು.

“ಈರುಳ್ಳಿ ತೂಗೋರೂ ಚೀಲದ ತೂಕ ಕಳೀತಾರಲ್ಲೇ!” ಭೀಮಕ್ಕ ಸಿಡಿದೆದ್ದಳು.

“ಬೈರಿ ಅಕ್ಕಾ, ದಾರ್ಯಾಗೆ ಎಷ್ಟಾದ್ರೂ ಬೈರಿ. ಈಗ ಕೂಸನ್ನ ತಾಯಿ ಎದಿಗೆ ಅಪ್ಪಿಸಿ ಸೆರಗು ಹೊದಿಸ್ರಿ. ಹೊರಡಾಣ.”

ಆಟೋದಲ್ಲಿ ಭೀಮಕ್ಕ ದಾರಿಯುದ್ದಕ್ಕೂ ಬೈದಳು. ಕಲ್ಲಮ್ಮ ಗಾಳಿ ತಾಗದಂತೆ ಕೌದಿಯನ್ನು ಕೂಸಿಗೆ ಅಡ್ಡ ಹಿಡಿದಳು.

ಆಸ್ಪತ್ರೆಯಲ್ಲಿ ವೈದ್ಯರು ನೋಡಿದರು. ಕೂಸನ್ನು ತಾಯಿಯ ಬರಿಯೆದೆಗೆ ಒರಗಿಸಿ, ಹಿಂಡಿದ ಹಾಲನ್ನು ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸಿದರು. ಉಷಾರಾಣಿ ಪುಸ್ತಕದಲ್ಲಿ ನಿಜವಾದ ತೂಕ ಬರೆದು, ಹಳೆಯ ಅಂಕಿಯನ್ನೂ ಕಾಣುವಂತೆಯೇ ಉಳಿಸಿದರು. ಅಂದಿನಿಂದ ಆ ವಾರ್ಡಿನಲ್ಲಿ ಮೊದಲು ಬಟ್ಟೆಯನ್ನಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಆಮೇಲೆ ಕೂಸನ್ನು ಮಲಗಿಸುವುದು ರೂಢಿಯಾಯಿತು; ಇಬ್ಬರೂ ನೋಡಿದ ಮೇಲೆಯೇ ಬರೆಯುವರು.

ಮೂರನೆಯ ದಿನ ಮಧ್ಯಾಹ್ನ ಕಲ್ಲಮ್ಮ ನೆಲ ಒರೆಸುತ್ತಿದ್ದಾಗ, ವಾರ್ಡಿಗೆಲ್ಲ ಕೇಳುವಂತೆ ಕೂಸು ಕಿರುಚಿ ಅತ್ತಿತು. ಅವಳು ನಿಂತಲ್ಲೇ ನಿಂತಳು.

“ಬಾಯಿ ಬಿಟ್ಕೊಂಡು ನಿಂತೀಯಲ್ಲೇ ಕಲ್ಲಮ್ಮಾ! ನನ್ನ ಮೊಮ್ಮಗಳು ಹಸಿದೈತೆ,” ಎಂದಳು ಭೀಮಕ್ಕ, ನಗುತ್ತ.