ಒಗೆಯದ ಕೌದಿ

ಅವ್ವ ಹೋದ ಹನ್ನೊಂದನೆಯ ದಿನ ಗೋಪನಕೊಪ್ಪದ ನಮ್ಮ ಮನೆಯನ್ನು ಮೂಲೆ ಬಿಡದೆ ತೊಳೆದೆವು. ಅವಳ ಸೀರೆ, ಹಾಸಿಗೆಗಳನ್ನೆಲ್ಲ ಅವಳ ಹೆಸರಿನಲ್ಲಿ ಕೊಟ್ಟುಬಿಟ್ಟೆವು. ಸೂತಕ ಕಳೆಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಅವಳ ನಾಯಿ ಕಾಣೆಯಾಗಿತ್ತು. ಫಿನೈಲ್ ನಾರುವ ಆ ಮನೆಯಲ್ಲಿ ಅದಕ್ಕೆ ಗುರುತಿನದೇನೂ ಉಳಿದಿಲ್ಲ ಎಂಬುದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಆಸ್ಪತ್ರೆಯಲ್ಲಿ ಅವ್ವ ನನಗೆ ಒಪ್ಪಿಸಿದ್ದು ಆ ನಾಯಿಯೊಂದನ್ನೇ.

ಹುಡುಕಿ ಹುಡುಕಿ ನಾಲ್ಕನೆಯ ದಿನ ಅಮರಗೋಳದ ಮಾರುಕಟ್ಟೆಯಲ್ಲಿ, ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಕಂಡಿತು. ನಾನು ಮೊದಲೇ ಮುಂಗೋಪಿ. ಬೈಯುತ್ತಲೇ ಬೆನ್ನಟ್ಟಿದೆ. ಅದು ಬಾಲ ಮುದುರಿ ಲಾರಿಯ ಗಾಲಿಗಳ ನಡುವೆ ನುಸುಳಿತು. ಚಾಲಕ ಬ್ರೇಕ್ ಹಾಕದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಮತ್ತೆ ಅದೇ ಸಂದಿ ಹೊಕ್ಕಿತು.

ಮೆಣಸಿನಕಾಯಿ ಆರಿಸುತ್ತಿದ್ದ ಹೆಂಗಸು ಗದರಿದಳು: “ಬೆನ್ನ ಹತ್ತಬ್ಯಾಡ್ರಿ. ಅಂಜೈತಿ ಅದು. ಅದರ ಕಡೆ ನೋಡಲಾರದ ನೆಲಕ್ಕ ಕುಂದರ್ರಿ. ಮನ್ಯಾಗಿನ ಹಳೀ ಅರಿವಿ ಏನರ ತಂದು ಹಾಸ್ರಿ, ತಾನ ಬರ್ತೈತಿ.”

ಅವ್ವನ ಹಳೆಯ ಅರಿವೆ ಎಲ್ಲಿಂದ ತರಲಿ? ಸೀರೆಯ ತುಂಡುಗಳಿಂದ ಅವ್ವ ಹೊಲಿದು ಹೊದೆಯುತ್ತಿದ್ದ ಕೌದಿ ಕೂಡ ಪಾತ್ರೆ ತಿಕ್ಕುವ ಅಕ್ಕನ ಪಾಲಾಗಿತ್ತು. ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು ಮರಳಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮುಖ ತಗ್ಗಿಸಿಕೊಂಡು ಅವಳ ಬಾಗಿಲಿಗೆ ಹೋಗಿ ಕೌದಿ ಕೇಳಿದೆ.

“ಇನ್ನೂ ಒಗದಿಲ್ಲರೀ ಅಣ್ಣಾರ,” ಎನ್ನುತ್ತ ಅವಳು ಮಡಿಸಿಟ್ಟ ಕೌದಿ ತಂದಳು. “ಅವ್ವಾರ ವಾಸನಿ ಹೋಗ್ತೈತಿ ಅಂತ ಹಂಗ ಇಟ್ಟಿದ್ನಿ.”

ಮಾರುಕಟ್ಟೆಗೆ ಮರಳಿ, ಸಂದಿಗೆ ಬೆನ್ನು ಮಾಡಿ, ಪಕ್ಕದಲ್ಲಿ ಕೌದಿ ಹಾಸಿ, ರೊಟ್ಟಿಯ ತುಣುಕು ಇಟ್ಟು ಕುಳಿತೆ. ಬಿಸಿಲೇರಿತು. ಮೆಣಸಿನ ಘಾಟಿಗೆ ಕಣ್ಣುರಿದು ಅಳುವುದಕ್ಕೊಂದು ನೆಪ ಸಿಕ್ಕಿತು. ಮಣ್ಣು ಹಾಕುವಾಗಲೂ ಅಳದ ನಾನು ಹಮಾಲರ ನಡುವೆ ಕುಳಿತು ಅತ್ತೆ. ಯಾವಾಗಲೋ ಹಿಂದೆ ಮೂಸುವ ಸದ್ದು. ತಿರುಗಲಿಲ್ಲ. ನಾಯಿ ರೊಟ್ಟಿ ಮುಟ್ಟದೆ ಕೌದಿಯೊಳಗೆ ಮೂತಿ ಹುದುಗಿಸಿ ಮಲಗಿತು. ಮೆಲ್ಲಗೆ ಕೊರಳಿಗೆ ಹಗ್ಗ ಹಾಕಿದೆ, ಸುಮ್ಮನಿತ್ತು. ಆಮೇಲೆ ತಲೆಯೆತ್ತಿ ನನ್ನ ಹೆಗಲಾಚೆ ನೋಡಿತು, ಇನ್ನೊಬ್ಬರು ಬರಬೇಕಿತ್ತು ಎನ್ನುವಂತೆ.

“ಬರಂಗಿಲ್ಲೋ ಯಪ್ಪಾ,” ಎಂದೆ.

ಕೌದಿ ಮರಳಿಸಲು ಹೋದರೆ ಅಕ್ಕ ತೆಗೆದುಕೊಳ್ಳಲಿಲ್ಲ. “ಅದಕ್ಕ ಇರ್ಲಿ ಬಿಡ್ರಿ,” ಎಂದಳು.

ಈಗ ನಾಯಿ ದಿನವೂ ಅದರ ಮೇಲೆಯೇ ಮಲಗುತ್ತದೆ. ಅದು ಅಂಗಳಕ್ಕೆ ಹೋದಾಗ ನಾನು ಬಗ್ಗಿ ಮೂಸಿ ನೋಡುತ್ತೇನೆ. ಬರೀ ನಾಯಿಯ ವಾಸನೆ. ಆದರೂ ಒಗೆಯಲು ಕೈ ಬರುವುದಿಲ್ಲ.