ಸೆಲೆ ನದಿಯ ದಡದಲ್ಲಿ ಶಾರದೆ ಕಟ್ಟಿದ ಮನೆ

ಪ್ಯಾರಿಸ್ಸಿನಿಂದ ಹೊರಟ ರೈಲು ಫಿಜಾಕ್ ಎಂಬ ಊರು ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಸ್ಟೇಷನ್ನು ನಮ್ಮ ಬಾಣಾವರದ್ದಕ್ಕಿಂತ ದೊಡ್ಡದೇನಲ್ಲ. ಇಳಿದವರಲ್ಲಿ ಸ್ವೆಟರಿನ ಮೇಲೆ ಸೆರಗು ಹೊದ್ದಿದ್ದವಳು ನನ್ನ ಹೆಂಡತಿ ಶಾರದೆ ಒಬ್ಬಳೇ. ಸುತ್ತ ನೋಡಿ, "ಇಷ್ಟು ದೂರ ಬಂದು ಬಾಣಾವರದಲ್ಲೇ ಇಳಿದಂಗಾಯ್ತಲ್ರೀ" ಅಂದಳು.

ಕಾಲ್ನಡಿಗೆಯ ಪ್ರವಾಸಕ್ಕೆಂದು ನಮ್ಮನ್ನು ಕರೆಸಿಕೊಂಡವಳು ಕ್ಲೇರ್. ನಾನು ಹಳೇಬೀಡಿನಲ್ಲಿ ಮೇಷ್ಟರಾಗಿದ್ದಾಗ, ಶಿಲ್ಪಗಳ ಚಿತ್ರ ಬರೆಯಲು ಬಂದು ನಮ್ಮ ಪಕ್ಕದ ಕೋಣೆಯಲ್ಲಿ ಒಂದು ಮಳೆಗಾಲ ಪೂರ್ತಿ ಇದ್ದವಳು. ಅವಳು ಕನ್ನಡ ಕಲಿತದ್ದು ಶಾರದೆಯಿಂದ ಅಷ್ಟಿಷ್ಟು, ಹಾಲು ಹಾಕಲು ಬರುತ್ತಿದ್ದ ಹೆಂಗಸಿನಿಂದ ಬಹಳಷ್ಟು. ಸ್ಟೇಷನ್ನಿನಲ್ಲಿ ಕಾದಿದ್ದವಳು, "ಶಾರದಕ್ಕಾ, ಟ್ಯಾಕ್ಸಿ ಐತೆ, ಹೋಗಾನ" ಅಂದಾಗ ನಮಗೆ ಊರಿನವರು ಸಿಕ್ಕಷ್ಟೇ ಹಿತವಾಯಿತು.

ನಾವು ನಡೆಯಬೇಕಿದ್ದದ್ದು ಸೆಲೆ ಎಂಬ ನದಿಯ ಕಣಿವೆಯಲ್ಲಿ. ನಮ್ಮ ಭಾಷೆಯ ಮಾತೇ ಅಲ್ಲವೇ ಎಂದು ಶಾರದೆಗೆ ಸಂತೋಷ. ನದಿ ನಮ್ಮ ಕಡೆಯ ಯಗಚಿ ಹೊಳೆಯಷ್ಟೇ ಅಗಲ. ಒಂದು ಬದಿಗೆ ಸುಣ್ಣಕಲ್ಲಿನ ಕಡಿದಾದ ಗೋಡೆ, ಅದರ ಬುಡಕ್ಕೆ ಅಂಟಿಕೊಂಡ ಹಳ್ಳಿಗಳು. ಇನ್ನೊಂದು ಬದಿಗೆ ಜೋಳದ ಹೊಲ, ಆಕ್ರೋಟಿನ ತೋಟ. ಎಸ್ಪಾನ್ಯಾಕ್ ಎಂಬ ಹಳ್ಳಿಯಲ್ಲಿ ಮೊದಲ ರಾತ್ರಿ ತಂಗಿದೆವು. ದಾರಿಹೋಕರಿಗೆಂದೇ ಅಲ್ಲಲ್ಲಿ ತಂಗುಮನೆಗಳಿವೆ. ಒಂದು ಹಾಸಿಗೆಗೆ ಇಪ್ಪತ್ತೆರಡು ಯೂರೋ. ಹೊದಿಕೆ ಕೊಡುತ್ತಾರೆ, ದಿಂಬು ಮಾತ್ರ ಹಪ್ಪಳದಂತಿರುತ್ತದೆ. ಊಟಕ್ಕೆ ಸೊಪ್ಪು, ಬೇಯಿಸಿದ ಆಲೂಗಡ್ಡೆ, ಮೇಕೆ ಹಾಲಿನ ಚೀಸು. ಅದರ ಮೇಲೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ಕ್ಲೇರ್ ನಮಗಿಂತ ಹೆಚ್ಚು ತಿಂದಳು.

ಇಲ್ಲಿ ನಮ್ಮ ಮನೆಯ ಒಂದು ವ್ಯಾಜ್ಯ ಹೇಳಲೇಬೇಕು, ಏಕೆಂದರೆ ಅದೂ ನಮ್ಮ ಜೊತೆ ವಿಮಾನ ಹತ್ತಿತ್ತು. ಶಾರದೆಯ ತವರು ಮಾದಿಹಳ್ಳಿಯಲ್ಲಿ ನಮ್ಮದೊಂದು ಸೈಟಿದೆ. ವರ್ಗದ ಮೇಲೆ ವರ್ಗವಾಗಿ ನಾವು ಬಾಡಿಗೆ ಮನೆಗಳಲ್ಲೇ ಕಾಲ ಹಾಕಿದವರು. ಈಗಲೂ ಅರಸೀಕೆರೆಯಲ್ಲಿ ಇರುವುದು ಬಾಡಿಗೆ ಮನೆಯೇ. ಆ ಸೈಟಿನಲ್ಲಿ ಮನೆ ಕಟ್ಟಬೇಕೆಂದು ಅವಳ ಹಟ. ಅವಳ ತಮ್ಮ ಶಿವಣ್ಣ ಅದೇ ಸೈಟನ್ನು ಕೊಟ್ಟಿಗೆ ಹಾಕಲು ಕೇಳುತ್ತಿದ್ದ. ನಾನು ಕೊಡುವ ಮನಸ್ಸು ಮಾಡಿದ್ದೆ. ಪ್ರವಾಸ ಮುಗಿಸಿ ಬಂದ ಮೇಲೆ ಒಂದು ಮಾತು ಹೇಳುತ್ತೇನೆ ಎಂದು ಅವನಿಗೆ ತಿಳಿಸಿಯೂ ಇದ್ದೆ.

ಬೆಳಿಗ್ಗೆ ನಡೆಯಲು ಶುರುಮಾಡಿದ ಕೂಡಲೇ ಅದೇ ಮಾತು ಬಂತು.

"ಈ ವಯಸ್ಸಲ್ಲಿ ಮರಳು, ಸಿಮೆಂಟು, ಗಾರೆಯವರ ಹಿಂದೆ ಯಾರು ಅಲೀತಾರೆ ಕಣೇ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದಾರಾ?"

"ಮಗಳ ಮದುವೆ ಮಾಡಿ ನೋಡಾಯ್ತು. ಇನ್ನೊಂದು ಬಾಕಿ ಇದೆಯಲ್ಲ" ಅಂದಳು ಶಾರದೆ.

ಕ್ಲೇರ್ ಇಂಥ ಹೊತ್ತಿನಲ್ಲಿ ಜಾಣೆ, ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾಳೆ.

ದಾರಿಯ ಬಗ್ಗೆ ಹೇಳುವುದಾದರೆ, ಅದು ಬರೀ ಕಾಲುದಾರಿ. ಮರ, ಬಂಡೆ, ಗೋಡೆಗಳ ಮೇಲೆ ಅಲ್ಲಲ್ಲಿ ಬಿಳಿ ಮತ್ತು ಕೆಂಪು ಪಟ್ಟೆ ಬಳಿದಿರುತ್ತಾರೆ, ಥೇಟ್ ನಮ್ಮ ದೇವಸ್ಥಾನದ ಗೋಡೆಯ ಸುಣ್ಣ-ಕೆಮ್ಮಣ್ಣಿನ ಹಾಗೆ. ಆ ಗುರುತು ನೋಡಿಕೊಂಡು ಹೋದರೆ ದಾರಿ ತಪ್ಪುವುದಿಲ್ಲ. ಯಾರದೋ ಹೊಲದ ಅಂಚಿನಲ್ಲಿ, ಯಾರದೋ ಹಸುಗಳ ನಡುವೆ ಹಾಯ್ದು ಹೋಗುತ್ತೀರಿ. ಗೇಟು ತೆಗೆದವರು ಮತ್ತೆ ಹಾಕಿದರೆ ಸಾಕು, ಯಾರೂ ಕೇಳುವುದಿಲ್ಲ. ಸೆಪ್ಟೆಂಬರಿನ ಬಿಸಿಲು ಎಳೆಯದಾಗಿತ್ತು. ಬೇಲಿಯಲ್ಲಿ ಕಪ್ಪಗೆ ಹಣ್ಣಾದ ಮುಳ್ಳುಹಣ್ಣುಗಳನ್ನು ಕಿತ್ತು ತಿಂದೆವು. ಬ್ರೆಂಗ್ ಎಂಬಲ್ಲಿ ಕಾಫಿ ಕುಡಿದೆವು. ಅದನ್ನು ಕಾಫಿ ಅನ್ನಬೇಕೋ ಕಷಾಯ ಅನ್ನಬೇಕೋ, ಓದುಗರು ಬಂದೇ ತೀರ್ಮಾನಿಸಬೇಕು.

ಮಧ್ಯಾಹ್ನದ ಊಟವಾದ ಮೇಲೆ ದಾರಿ ಕಣಿವೆ ಬಿಟ್ಟು ಗುಡ್ಡದ ತಲೆಗೆ ಹತ್ತಿತು. ಮೇಲೆ ಕುರುಚಲು ಓಕ್ ಮರಗಳು, ಎಲ್ಲೆಲ್ಲೂ ಸಡಿಲ ಕಲ್ಲು. ಒಂದು ಕಡೆ ದಾರಿ ಎರಡಾಗಿ ಒಡೆಯುತ್ತಿತ್ತು. ಬಂಡೆಯ ಮೇಲಿನ ಬಣ್ಣ ಮಾಸಿಹೋಗಿದ್ದರೂ ಕ್ಲೇರ್‌ಗೆ ಬಲಗಡೆಯದು ಗೊತ್ತಿತ್ತು, ಅವಳು ಇಳಿಯತೊಡಗಿದಳು. ನಾನು ಬೂಟಿನೊಳಗಿನ ಹರಳು ತೆಗೆಯಲು ಕುಳಿತೆ. ಎಡಗಡೆಯ ಜಾಡಿನಲ್ಲಿ ಹತ್ತು ಹೆಜ್ಜೆ ಹೋದರೆ ನದಿ ಪೂರ್ತಿ ಕಾಣುತ್ತಿತ್ತು. ಶಾರದೆ ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಲ್ಲಿನ ಮೇಲೆ ಕಲ್ಲು ಇಡುತ್ತಿದ್ದಳು. ನಮ್ಮ ಕಡೆ ಬೆಟ್ಟದ ದೇವರಿಗೆ ಹೋದವರು ಸ್ವಂತ ಮನೆಯಾಗಲಿ ಎಂದು ಹೀಗೆ ಕಲ್ಲು ಪೇರಿಸಿ ಬರುವುದು ಎಲ್ಲರಿಗೂ ಗೊತ್ತು.

"ದೇವರೇ ಇಲ್ಲದ ಬೆಟ್ಟದಲ್ಲಿ ಯಾರಿಗೆ ಹರಕೆ?" ಎಂದು ಕೂಗಿದೆ.

"ನೀವಂತೂ ಕೊಡಲ್ಲ, ನದಿಯಾದ್ರೂ ಕೊಡ್ಲಿ" ಅಂದಳು, ತಿರುಗಿ ನೋಡಲಿಲ್ಲ.

ಮಾರ್ಸಿಯಾಕ್ ಊರಿನ ತಂಗುಮನೆ ಸೇರುವ ಹೊತ್ತಿಗೆ ಮೋಡ ಕವಿದು, ಸಂಜೆ ಧೋ ಎಂದು ಮಳೆ ಹಿಡಿಯಿತು. ಊಟಕ್ಕೆ ಕುಳಿತಿದ್ದಾಗ ಬಾಗಿಲು ತಳ್ಳಿಕೊಂಡು ಒಬ್ಬರು ಮುದುಕರು ಬಂದರು. ತೊಯ್ದು ತೊಪ್ಪೆಯಾಗಿದ್ದರು, ಮೊಣಕಾಲು ತರಚಿ ರಕ್ತ ಒಸರುತ್ತಿತ್ತು. ಹೆಸರು ಬರ್ನಾರ್, ಬ್ರೆಡ್ಡಿನ ಅಂಗಡಿ ನಡೆಸಿ ನಿವೃತ್ತರಾದವರು, ಒಬ್ಬರೇ ನಡೆಯುತ್ತ ಬಂದಿದ್ದರು. ಕುಳಿತವರೇ ಸಿಟ್ಟಿನಲ್ಲಿ ಏನೇನೋ ಹೇಳಿದರು. ಕ್ಲೇರ್ ನಮಗೆ ತಿಳಿಸಿದಳು:

"ಗುಡ್ಡದ ಮ್ಯಾಲೆ ಬಣ್ಣ ಕಾಣಲಿಲ್ವಂತೆ. ಕಲ್ಲು ಪೇರಿಸಿದ್ದು ನೋಡಿ ಆ ದಾರೀಲಿ ಹೋದ್ರಂತೆ. ಇಲ್ಲಿ ಬಣ್ಣ ಇಲ್ಲದ ಕಡೆ ಕಲ್ಲು ಪೇರಿಸ್ತಾರೆ ಸಾರ್, 'ಇದೇ ದಾರಿ' ಅಂತ ಅದರ ಅರ್ಥ. ಅಲ್ಲಿ ನೋಡಿದ್ರೆ ಮುಳ್ಳುಪೊದೆ, ಅದರಾಚೆ ಪ್ರಪಾತ. ಯಾರೋ ಹುಡುಗರು ಮಾಡಿದ ಕಿತಾಪತಿ ಅಂತಾರೆ."

ನಾನು ಮೇಜಿನ ಕೆಳಗೆ ಶಾರದೆಯ ಪಾದ ಮೆಟ್ಟಿ, ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವಳು ಪಾದ ಎಳೆದುಕೊಂಡು ಎದ್ದು ನಿಂತಳು.

"ಕ್ಲೇರ್, ನಾನೇ ಇಟ್ಟಿದ್ದು ಅಂತ ಹೇಳಮ್ಮ. ದಾರಿ ಅಂತ ಇಟ್ಟಿದ್ದಲ್ಲ, ಮನೆ ಅಂತ ಇಟ್ಟಿದ್ದು. ತಪ್ಪಾಯ್ತು ಅಂತ ಹೇಳು."

ಕ್ಲೇರ್ ಹರಕೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದಳು. ಮುದುಕರು ಶಾರದೆಯ ಕಡೆ ತಿರುಗಿದರು. ಆಮೇಲೆ ಅವರು ಹೇಳಿದ್ದಕ್ಕೆ ಊಟಕ್ಕೆ ಕುಳಿತವರೆಲ್ಲ ನಕ್ಕರು. "ಹಾಗಾದ್ರೆ ನಾನು ಇವರ ಮನೆಗೇ ಹೋಗಿದ್ದೆ, ಬಾಗಿಲು ಸಿಗಲಿಲ್ಲ ಅಷ್ಟೇ, ಅಂತಾರೆ" ಎಂದಳು ಕ್ಲೇರ್. ಶಾರದೆ ನಗಲಿಲ್ಲ. ಚೀಲದಿಂದ ಅರಿಸಿನ ತೆಗೆದು ಅವರ ಮೊಣಕಾಲಿಗೆ ಹಚ್ಚಿದಳು. ಅವರೂ ಬೇಡ ಅನ್ನಲಿಲ್ಲ.

ಬೇರೆಯವರು ಆ ಕಡೆ ಬರುವ ಮೊದಲೇ ಕಲ್ಲುಗಳನ್ನು ಕೆಡವಬೇಕೆಂದು ತಂಗುಮನೆಯಾಕೆ ಹೇಳಿದ್ದಳು. ಬೆಳಕು ಹರಿಯುತ್ತಲೇ ನಾವಿಬ್ಬರೂ ಹಿಂದಕ್ಕೆ ಹತ್ತಿದೆವು. ಮಳೆ ನಿಂತಿತ್ತು, ಕಣಿವೆಯ ತುಂಬ ಮಂಜು. ಶಾರದೆ ಅಲ್ಲಿ ಮುಟ್ಟಿದ ಮೇಲೆ ಕಲ್ಲುಗಳ ಮುಂದೆ ನಿಂತುಬಿಟ್ಟಳು.

"ನನ್ನ ಕೈಲಾಗಲ್ಲ ರೀ. ಕಟ್ಟಿದ ಕೈಯಲ್ಲೇ ಕೆಡವಿದ್ರೆ ಇನ್ನು ಈ ಜನ್ಮಕ್ಕೆ ಮನೆ ಇಲ್ಲ ಅಂತ ಲೆಕ್ಕ."

"ಸರಿ, ಆ ಕಡೆ ತಿರುಗು" ಅಂದೆ. ಅವಳು ನದಿಯ ಕಡೆ ಮುಖ ಮಾಡಿ ನಿಂತಳು.

ಹಿಂದಿನ ದಿನ ನಾನು ಅದನ್ನು ದೂರದಿಂದ ನೋಡಿದ್ದೆ ಅಷ್ಟೇ. ಈಗ ಬಗ್ಗಿ ನೋಡಿದರೆ, ಬುಡದ ಕಲ್ಲು ಅಲುಗದಂತೆ ಅಡಿಗೆ ಚಕ್ಕೆಗಳನ್ನು ಸಿಕ್ಕಿಸಿದ್ದಳು. ಮೇಲೆ ನಾಲ್ಕು ಕಲ್ಲು, ಅಷ್ಟು ಮಳೆಗೂ ಒಂದೂ ಜರುಗಿರಲಿಲ್ಲ. ಎದುರಿಗೆ, ಪೂರ್ವದ ಕಡೆ, ಅಂಗೈಯಗಲದ ಚಪ್ಪಟೆ ಕಲ್ಲೊಂದನ್ನು ಬೇರೆಯಾಗಿ ಒರಗಿಸದೆ ಮಲಗಿಸಿದ್ದಳು.

"ಇದೇನೇ, ಮುಂದೆ ಇಟ್ಟಿರೋದು?"

"ಜಗಲಿ" ಅಂದಳು, ನದಿ ನೋಡುತ್ತಲೇ. "ಬೆಳಿಗ್ಗೆ ಬಿಸಿಲಲ್ಲಿ ಕೂತು ನೀವು ಪೇಪರ್ ಓದಕ್ಕೆ."

ನಾನು ಹಿಂದಿನ ದಿನ ದಾರಿಯುದ್ದಕ್ಕೂ ವಾದ ಮಾಡಿದ್ದೆ. ಆ ಮನೆಯಲ್ಲಿ ನಾನೂ ಇದ್ದೇನೆಂದು ಒಮ್ಮೆಯೂ ತೋಚಿರಲಿಲ್ಲ. ಒಂದೊಂದೇ ಕಲ್ಲು ಎತ್ತಿ, ಸದ್ದಾಗದ ಹಾಗೆ ದೂರದೂರಕ್ಕೆ ಇಟ್ಟೆ. ಜಗಲಿಯನ್ನು ಟವಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಆಮೇಲೆ "ಆಯ್ತು, ನಡಿ" ಅಂದೆ. ಅವಳು ಆ ಜಾಗವನ್ನು ನೋಡದೆ ಇಳಿದಳು.

ಮುಂದೆ ಕಣಿವೆಯಲ್ಲಿ ಇನ್ನೂ ಎರಡು ದಿನ ನಡೆದೆವು. ಸೆಲೆ ಹೋಗಿ ದೊಡ್ಡ ನದಿ ಸೇರುವಲ್ಲಿ ಕ್ಲೇರ್ ನಮ್ಮನ್ನು ಕಾರು ಹತ್ತಿಸಿದಳು. ಮನೆಯ ಮಾತು ಶಾರದೆ ಮತ್ತೆ ಎತ್ತಲಿಲ್ಲ. ಪ್ಯಾರಿಸ್ಸಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ನನ್ನ ಚೀಲ ಬಿಚ್ಚಿಸಿ, ಟವಲು ತೆರೆದು, ಕಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಇಟ್ಟ. ಪಕ್ಕದಲ್ಲಿದ್ದ ಶಾರದೆ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಬೆಂಗಳೂರು ಬರುವವರೆಗೂ ನನ್ನ ತೋಳು ಬಿಡಲಿಲ್ಲ.

ಅರಸೀಕೆರೆಗೆ ಬಂದ ಮಾರನೆಯ ದಿನ ಮಾದಿಹಳ್ಳಿಗೆ ಬಸ್ಸು ಹಿಡಿದೆವು. ಶಿವಣ್ಣ ಸೈಟಿನಲ್ಲೇ ಕಾದಿದ್ದ. ಕೊಟ್ಟಿಗೆಗೆಂದು ಗೂಟ ಹೊಡೆದು ಹಗ್ಗವನ್ನೂ ಎಳೆದಿದ್ದ. ನಾನು ಪೂರ್ವದ ಕಡೆ ನಡೆದು, ಹುಲ್ಲು ಸರಿಸಿ, ಅಂಗೈಯಗಲದ ಆ ಕಲ್ಲನ್ನು ನೆಲಕ್ಕೆ ಒತ್ತಿ ಕೂರಿಸಿದೆ.

"ಏನ್ ಭಾವ ಅದು? ಎಲ್ಲೀದು ಆ ಕಲ್ಲು? ಸೈಟಿನ ವಿಚಾರ ಏನ್ ಮಾಡಿದ್ರಿ?" ಅಂದ ಶಿವಣ್ಣ.

ನಾನು ಬಾಯಿ ತೆರೆಯುವ ಮೊದಲೇ ಶಾರದೆ ಸೆರಗು ಸಿಕ್ಕಿಸಿಕೊಂಡು ಹೋಗಿ ಮೊದಲ ಗೂಟ ಕಿತ್ತಳು.

"ಜಗಲಿ ಆಯ್ತು ಕಣೋ ಶಿವಣ್ಣ" ಅಂದಳು. "ಇನ್ನು ಮನೆ ಒಂದು ಬಾಕಿ."